ಬಾಲಗಾಲಿಯ ವಿಮಾನ: ನೆಲ ಮುಟ್ಟಿದ ಮೇಲಿನ ಅಪಾಯ

ಪುಟ್ಟ ವಿಮಾನಗಳ ಅಪಘಾತವೆಂದೊಡನೆ ನಡುಗಗನದಲ್ಲಿ ಎಂಜಿನ್ ನಿಂತುಹೋಗುವುದು, ಮೋಡದಲ್ಲಿ ದಾರಿ ತಪ್ಪುವುದು ಇಂಥವೇ ನೆನಪಿಗೆ ಬರುತ್ತವೆಯಾದರೂ, ಬಾಲದ ತುದಿಯಲ್ಲಿ ಚಿಕ್ಕ ಗಾಲಿಯುಳ್ಳ ಹಳೆಯ ವಿನ್ಯಾಸದ ವಿಮಾನಗಳಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ನೆಲದ ಮೇಲೆಯೇ, ಅದೂ ಇಳಿತ ಸುಗಮವಾಗಿ ಮುಗಿಯಿತೆಂದು ಪೈಲಟ್ ಭಾವಿಸಿದ ಕೆಲವೇ ಕ್ಷಣಗಳಲ್ಲಿ. ರನ್‌ವೇಯ ಮೇಲೆ ನೆಟ್ಟಗೆ ಓಡುತ್ತಿದ್ದ ವಿಮಾನದ ಮೂಗು ತುಸು ಪಕ್ಕಕ್ಕೆ ಹೊರಳುತ್ತದೆ. ಆ ಹೊರಳುವಿಕೆ ತಾನಾಗಿಯೇ ಬೆಳೆಯುತ್ತದೆ. ಬಾಲ ಸುತ್ತಿಕೊಂಡು ಮುಂದಕ್ಕೆ ಬರುತ್ತದೆ. ಹೊರಬದಿಯ ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತದೆ, ಕೆಲವೊಮ್ಮೆ ಗಾಲಿಯ ಕಾಲು ಮುರಿದು ವಿಮಾನ ಹೊಟ್ಟೆಯ ಮೇಲೆ ಕುಸಿಯುತ್ತದೆ. ವೈಮಾನಿಕರು ಇದನ್ನು ಗ್ರೌಂಡ್ ಲೂಪ್ ಎಂದು ಕರೆಯುತ್ತಾರೆ. ಇದರಲ್ಲಿ ಜೀವಹಾನಿಯಾಗುವುದು ಅಪರೂಪ. ಬಾಗಿದ ಪ್ರೊಪೆಲರ್, ಜಖಂಗೊಂಡ ರೆಕ್ಕೆ ಮತ್ತು ದೊಡ್ಡ ಮೊತ್ತದ ದುರಸ್ತಿಯಲ್ಲಿ ಪ್ರಕರಣ ಮುಗಿಯುತ್ತದೆ. ಪ್ರಾಣಕ್ಕೆ ಅಪಾಯವಿಲ್ಲವೆಂಬ ಈ ಕಾರಣದಿಂದಲೇ ಅದಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲವೆನ್ನಬೇಕು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ವರದಿಗಳಲ್ಲಿ ಇಂಥ ಘಟನೆಗಳಿಗೆ ಮತ್ತೆ ಮತ್ತೆ ಕಾಣಿಸುವ ಕಾರಣವೆಂದರೆ, ವಿಮಾನದ ದಿಕ್ಕನ್ನು ಹಿಡಿತದಲ್ಲಿಟ್ಟುಕೊಳ್ಳಲು ಪೈಲಟ್ ವಿಫಲನಾದನೆಂಬುದು. ಆ ಮಾತು ಸುಳ್ಳಲ್ಲ, ಆದರೆ ಅದು ಅರ್ಧ ಮಾತು. ದಿಕ್ಕು ತಪ್ಪುವ ಪ್ರವೃತ್ತಿಯನ್ನು ವಿಮಾನದ ರಚನೆಯೊಳಗೇ ಇರಿಸಿ, ಆ ರಚನೆಯನ್ನು ಹುಟ್ಟಿಸಿದ ಹುಲ್ಲುನೆಲವನ್ನು ತೆಗೆದು ಡಾಂಬರು ಹಾಸಿ, ಗಾಳಿ ಬೀಸುವ ದಿಕ್ಕನ್ನು ಲೆಕ್ಕಿಸದೆ ಒಂದೇ ಪಟ್ಟಿಯಲ್ಲಿ ಇಳಿಯುವಂತೆ ಮಾಡಿದ ಮೇಲೆ, ಉಳಿದ ಹೊಣೆಯನ್ನೆಲ್ಲ ಪೈಲಟ್‌ನ ಎರಡು ಪಾದಗಳ ಮೇಲೆ ಹೊರಿಸಲಾಗಿದೆ ಎಂಬುದು ಇನ್ನುಳಿದ ಅರ್ಧ.

ಎಲ್ಲದರ ಮೂಲ ಇರುವುದು ಗಾಲಿಗಳ ಸ್ಥಾನದಲ್ಲಿ. ವಿಮಾನದ ತೂಕವೆಲ್ಲ ಒಂದೇ ಬಿಂದುವಿನಲ್ಲಿ ನೆಲೆಸಿದೆಯೆಂದು ಎಣಿಸಬಹುದಾದ ಜಾಗಕ್ಕೆ ಗುರುತ್ವ ಕೇಂದ್ರವೆಂದು ಹೆಸರು. ಮೂಗಿನ ಕೆಳಗೆ ಗಾಲಿಯುಳ್ಳ ಇಂದಿನ ವಿಮಾನಗಳಲ್ಲಿ ಎರಡು ಮುಖ್ಯ ಗಾಲಿಗಳು ಈ ಕೇಂದ್ರಕ್ಕಿಂತ ಹಿಂದಿರುತ್ತವೆ. ಬಾಲಗಾಲಿಯ ವಿಮಾನದಲ್ಲಿ ಅವು ಮುಂದಿರುತ್ತವೆ, ಇಲ್ಲದಿದ್ದರೆ ಬಾಲ ನೆಲದ ಮೇಲೆ ಕೂರುವುದೇ ಇಲ್ಲ. ಇಷ್ಟು ಸಣ್ಣ ವ್ಯತ್ಯಾಸ ಓಟದ ಸ್ವಭಾವವನ್ನೇ ತಲೆಕೆಳಗು ಮಾಡುತ್ತದೆ. ಟ್ರ್ಯಾಕ್ಟರ್ ಮುಂದಕ್ಕೆ ಹೋಗುವಾಗ ಹಿಂದಿನ ಟ್ರೇಲರ್ ಯಾರ ಅಪ್ಪಣೆಗೂ ಕಾಯದೆ ನೆಟ್ಟಗೆ ಹಿಂಬಾಲಿಸುತ್ತದೆ, ಅದೇ ಟ್ರೇಲರನ್ನು ಹಿಂದಕ್ಕೆ ತಳ್ಳಲು ಹೊರಟರೆ ಕೂದಲೆಳೆಯಷ್ಟು ಓರೆಯಾದರೂ ಸಾಕು, ಆ ಓರೆ ತಾನೇ ಹೆಚ್ಚುತ್ತ ಹೋಗಿ ಟ್ರೇಲರ್ ಅಡ್ಡ ತಿರುಗಿಬಿಡುತ್ತದೆ. ಬಾಲಗಾಲಿಯ ವಿಮಾನ ರನ್‌ವೇಯ ಮೇಲೆ ಓಡುವುದು ಈ ಎರಡನೆಯ ಬಗೆಯಲ್ಲಿ.

ವಿಮಾನದ ಮೂಗು ರನ್‌ವೇಯ ಗುಂಟ ನೆಟ್ಟಗಿದ್ದು, ಗಾಳಿಯ ತಳ್ಳುವಿಕೆಯಿಂದ ಇಡೀ ವಿಮಾನ ಬಲಕ್ಕೆ ಸರಿಯುತ್ತಿರುವಾಗಲೇ ಗಾಲಿಗಳು ನೆಲ ಮುಟ್ಟಿದವು ಎನ್ನೋಣ. ನೆಲದ ಘರ್ಷಣೆ ಗಾಲಿಗಳನ್ನು ಎಡಕ್ಕೆ ನೂಕುತ್ತದೆ. ಗಾಲಿಗಳು ಗುರುತ್ವ ಕೇಂದ್ರದ ಮುಂದಿರುವುದರಿಂದ ಆ ನೂಕು ಮೂಗನ್ನೂ ಎಡಕ್ಕೆ ತಿರುಗಿಸುತ್ತದೆ, ಆದರೆ ವಿಮಾನದ ದ್ರವ್ಯರಾಶಿ ಮಾತ್ರ ಹಳೆಯ ವೇಗದಲ್ಲಿ ಬಲಕ್ಕೇ ಹೋಗುತ್ತಿರುತ್ತದೆ. ಮೂಗು ತೋರಿಸುವ ದಿಕ್ಕಿಗೂ ವಿಮಾನ ಸಾಗುತ್ತಿರುವ ದಿಕ್ಕಿಗೂ ನಡುವಿನ ಕೋನ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚುತ್ತದೆ, ಘರ್ಷಣೆ ಹೆಚ್ಚಿದಷ್ಟೂ ಕೋನ ಹೆಚ್ಚುತ್ತದೆ. ಇದಕ್ಕೆ ಎಡದಿಂದ ಬೀಸುವ ಗಾಳಿಯೂ ಕೈಜೋಡಿಸುತ್ತದೆ: ಬಾಲದ ಮೇಲೆ ನೆಟ್ಟಗೆ ನಿಂತ ಅಗಲವಾದ ಹಲಗೆಯನ್ನು ಅದು ಬಲಕ್ಕೆ ಒತ್ತಿ ಮೂಗನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಜೊತೆಗೆ ಎಡರೆಕ್ಕೆಯ ಅಡಿಗೆ ಹೊಕ್ಕು ಅದನ್ನು ಎತ್ತುತ್ತದೆ. ಎಡಕ್ಕೆ ತಿರುಗುವ ವಿಮಾನವನ್ನು ಕೇಂದ್ರಾಪಗಾಮಿ ಬಲ ಬಲಕ್ಕೆ ವಾಲಿಸುವುದರಿಂದ ಬಲರೆಕ್ಕೆ ಕೆಳಗಿಳಿಯುತ್ತದೆ. ಹೀಗೆ ಘರ್ಷಣೆ, ಗಾಳಿ, ಜಡತ್ವ ಈ ಮೂರೂ ಒಂದೇ ಪಕ್ಷಕ್ಕೆ ಸೇರಿಕೊಂಡು, ಎದುರು ಪಕ್ಷದಲ್ಲಿ ಪೈಲಟ್ ಒಬ್ಬನೇ ಉಳಿಯುತ್ತಾನೆ. ಮೂಗುಗಾಲಿಯ ವಿಮಾನದಲ್ಲಿ ಇದೇ ತಪ್ಪು ಘಟಿಸಿದರೆ ಘರ್ಷಣೆ ಗುರುತ್ವ ಕೇಂದ್ರದ ಹಿಂದೆ ವರ್ತಿಸಿ, ಮೂಗನ್ನು ಚಲನೆಯ ದಿಕ್ಕಿಗೇ ಎಳೆದು ತಂದು ತಪ್ಪನ್ನು ಅಳಿಸಿಹಾಕುತ್ತದೆ.

ಈ ಮಾತಿಗೆ ಅತ್ಯುತ್ತಮ ಸಾಕ್ಷಿ ಅಮೆರಿಕದ ಎಂಜಿನಿಯರ್ ಫ್ರೆಡ್ ವೀಕ್ ರೂಪಿಸಿದ, 1940ರಲ್ಲಿ ಮಾರುಕಟ್ಟೆಗೆ ಬಂದ ಎರ್‌ಕೂಪ್ ವಿಮಾನ. ಅದರ ಮೂಲ ಮಾದರಿಯಲ್ಲಿ ಬಾಲದ ಚುಕ್ಕಾಣಿಯನ್ನು ಪಾದದಿಂದ ತಿರುಗಿಸುವ ಪೆಡಲುಗಳೇ ಇರಲಿಲ್ಲ. ಅಡ್ಡಗಾಳಿಯಲ್ಲಿ ಅದನ್ನು ಓರೆಯಾಗಿಯೇ ತಂದು ನೆಲಕ್ಕೆ ಮುಟ್ಟಿಸಿದರೆ ಮೂಗುಗಾಲಿಯ ವ್ಯವಸ್ಥೆ ಅದನ್ನು ತಾನಾಗಿಯೇ ನೆಟ್ಟಗೆ ಮಾಡುತ್ತಿತ್ತು. ಅದೇ ದಶಕದ ಕೊನೆಗೆ ಗುಡ್‌ಇಯರ್ ಕಂಪನಿ ಬಾಲಗಾಲಿಯ ವಿಮಾನಗಳಿಗಾಗಿ ಇನ್ನೊಂದು ಉಪಾಯ ಹೂಡಿ, ಮುಖ್ಯ ಗಾಲಿಗಳೇ ಎಡಬಲಕ್ಕೆ ತಿರುಗಿಕೊಳ್ಳುವಂತೆ ಮಾಡಿತು. ಅಂಥ ಗಾಲಿಗಳಿದ್ದ ಸೆಸ್ನಾ ವಿಮಾನಗಳು ಮೂಗನ್ನು ಗಾಳಿಯತ್ತ ಓರೆಯಾಗಿ ಹಿಡಿದುಕೊಂಡೇ ರನ್‌ವೇಯ ನಡುಗೆರೆಯ ಮೇಲೆ ಓಡಬಲ್ಲವಾಗಿದ್ದವು. ನೋಡಲು ವಿಚಿತ್ರವೆನಿಸಿದರೂ ಉಪಾಯ ತಪ್ಪಲ್ಲ. ಆದರೆ ತೂಕ, ಬೆಲೆ, ನಿರ್ವಹಣೆಯ ಕಷ್ಟ ಸೇರಿ ಅದು ಬಹುಕಾಲ ಬಾಳಲಿಲ್ಲ.

ಹಾಗಾದರೆ ವಿಮಾನಯಾನದ ಮೊದಲ ದಶಕಗಳಲ್ಲಿ ಜಗತ್ತೆಲ್ಲ ಈ ತಲೆಕೆಳಗಾದ ವ್ಯವಸ್ಥೆಯನ್ನೇ ಏಕೆ ಒಪ್ಪಿಕೊಂಡಿತ್ತು ಎಂಬ ಪ್ರಶ್ನೆ ಸಹಜ. ಆಗ ವಿಮಾನ ನಿಲ್ದಾಣವೆಂದರೆ ಉದ್ದನೆಯ ಪಟ್ಟಿಯಲ್ಲ, ವಿಶಾಲವಾದ ಹುಲ್ಲುಮೈದಾನ. ಗಾಳಿ ಯಾವ ಕಡೆಯಿಂದ ಬಂದರೂ ಪೈಲಟ್ ಅದಕ್ಕೆ ನೇರ ಎದುರಾಗಿ ಇಳಿಯಬಹುದಿತ್ತಾದ್ದರಿಂದ ಅಡ್ಡಗಾಳಿಯ ಸಮಸ್ಯೆಯೇ ಹೆಚ್ಚು ಇರಲಿಲ್ಲ. ಬಾಲದಲ್ಲಿ ಇದ್ದದ್ದೂ ಗಾಲಿಯಲ್ಲ, ಸ್ಕಿಡ್ ಎನ್ನುವ ಊರುಗೋಲು. ಅದು ಹುಲ್ಲಿನೊಳಕ್ಕೆ ಕಚ್ಚಿ ಬಾಲವನ್ನು ಹಿಂದೆಯೇ ಹಿಡಿದಿಡುತ್ತಿತ್ತು, ಬ್ರೇಕಿನ ಕೆಲಸವನ್ನೂ ಮಾಡುತ್ತಿತ್ತು. 1931ರಲ್ಲಿ ಮೊದಲು ಹಾರಿದ ಬ್ರಿಟನ್ನಿನ ಟೈಗರ್ ಮಾತ್ ತರಬೇತಿ ವಿಮಾನಕ್ಕೆ ಗಾಲಿಯ ಬ್ರೇಕುಗಳೇ ಇರಲಿಲ್ಲವೆಂಬುದು ಇಂದು ಅಚ್ಚರಿ ತರಬಹುದು, ಆದರೆ ಅದರ ಕಾಲದ ನೆಲಕ್ಕೆ ಅಷ್ಟು ಸಾಕಿತ್ತು. ಹುಲ್ಲಿಗೆ ಇನ್ನೊಂದು ಗುಣವೂ ಉಂಟು. ಓರೆಯಾಗಿ ಇಳಿದ ಗಾಲಿ ಅದರ ಮೇಲೆ ತುಸು ಜಾರುತ್ತದೆ, ಡಾಂಬರಿನ ಮೇಲೆ ಅದೇ ಗಾಲಿ ಹಿಡಿದುಕೊಳ್ಳುತ್ತದೆ. ಭಾರವಾದ ವಿಮಾನಗಳಿಗಾಗಿ ಗಟ್ಟಿ ರನ್‌ವೇಗಳು ಬಂದಾಗ ಊರುಗೋಲಿನ ಜಾಗದಲ್ಲಿ ಗಾಲಿ ಬಂತು, ಮೈದಾನದ ಜಾಗದಲ್ಲಿ ಎರಡೇ ದಿಕ್ಕು ಉಳಿಯಿತು. ಪುಟ್ಟ ವಿಮಾನಗಳು ತಮ್ಮದಲ್ಲದ ನೆಲದ ಮೇಲೆ ಇಳಿಯತೊಡಗಿದ್ದು ಹೀಗೆ.

ಪಕ್ಕಕ್ಕೆ ತಿರುಗುವುದು ಒಂದು ಬಗೆಯ ಅಪಘಾತವಾದರೆ ಪುಟಿಯುವುದು ಇನ್ನೊಂದು. ಇದರ ಮೂಲವೂ ಅದೇ ರಚನೆ. ಮುಖ್ಯ ಗಾಲಿಗಳು ಸ್ವಲ್ಪ ಜೋರಾಗಿ ನೆಲಕ್ಕೆ ತಾಗಿದಾಗ ಅವುಗಳ ಹಿಂದಿರುವ ತೂಕ ಇನ್ನೂ ಕೆಳಗಿಳಿಯುತ್ತಲೇ ಇರುವುದರಿಂದ ಬಾಲ ತಗ್ಗುತ್ತದೆ, ಮೂಗು ಏಳುತ್ತದೆ, ರೆಕ್ಕೆ ಗಾಳಿಯನ್ನು ಎದುರಿಸುವ ಕೋನ ಹೆಚ್ಚಿ ಮೇಲೆತ್ತುವ ಬಲವೂ ಹೆಚ್ಚುತ್ತದೆ, ಇಳಿಯಬೇಕಾದ ವಿಮಾನ ಮತ್ತೆ ಮೇಲೇಳುತ್ತದೆ. ವೇಗ ಕಳೆದುಕೊಂಡು ನಾಲ್ಕಾರು ಅಡಿ ಮೇಲೆ ತೇಲುತ್ತಿರುವ ವಿಮಾನಕ್ಕಿಂತ ಅಸಹಾಯಕವಾದದ್ದು ಬೇರೆ ಇಲ್ಲ. ಅನುಭವವಿಲ್ಲದ ಪೈಲಟ್ ಗಾಬರಿಯಿಂದ ಮೂಗನ್ನು ಕೆಳಕ್ಕೆ ದೂಡಿದರೆ ಎರಡನೆಯ ಪುಟಿತ ಮೊದಲನೆಯದಕ್ಕಿಂತ ಎತ್ತರವಾಗುತ್ತದೆ, ಮೂರನೆಯದು ಅದಕ್ಕಿಂತಲೂ. ಎಂಜಿನ್ನಿಗೆ ಪೂರ್ಣ ಶಕ್ತಿ ಕೊಟ್ಟು ಮತ್ತೆ ಏರಿ, ಒಂದು ಸುತ್ತು ಹಾಕಿಬಂದು ಇಳಿಯುವುದೇ ತಕ್ಕ ಪರಿಹಾರವೆಂದು ಎಲ್ಲ ಬೋಧಕರೂ ಹೇಳುತ್ತಾರೆ. ಆದರೆ ಅದರಲ್ಲಿಯೂ ಒಂದು ತೊಡಕಿದೆ: ನಿಧಾನ ವೇಗದಲ್ಲಿ, ಎತ್ತಿದ ಮೂಗಿನೊಂದಿಗೆ ಪೂರ್ಣ ಶಕ್ತಿ ಕೊಟ್ಟಾಗ ಪ್ರೊಪೆಲರಿನ ಸುತ್ತಿನಿಂದಾಗಿ ವಿಮಾನ ಪಕ್ಕಕ್ಕೆ ಎಳೆಯುತ್ತದೆ. ಅಮೆರಿಕದ ಸಾಮಾನ್ಯ ಎಂಜಿನುಗಳಲ್ಲಿ ಈ ಎಳೆತ ಎಡಕ್ಕೆ, ಟೈಗರ್ ಮಾತ್‌ನ ಜಿಪ್ಸಿ ಮೇಜರ್ ಎಂಜಿನ್ ವಿರುದ್ಧ ದಿಕ್ಕಿನಲ್ಲಿ ಸುತ್ತುವುದರಿಂದ ಅದರಲ್ಲಿ ಬಲಕ್ಕೆ. ಒಂದನ್ನು ಕಲಿತ ಪಾದ ಇನ್ನೊಂದರಲ್ಲಿ ತಪ್ಪು ಪೆಡಲನ್ನು ಒತ್ತುವುದು ಅಸಹಜವೇನಲ್ಲ.

ಬಾಲಗಾಲಿಯ ವಿಮಾನವನ್ನು ಇಳಿಸಲು ಎರಡು ವಿಧಾನಗಳಿದ್ದು, ಯಾವುದು ಮೇಲೆಂಬ ವಾದ ವೈಮಾನಿಕರಲ್ಲಿ ಇಂದಿಗೂ ತೀರಿಲ್ಲ. ನೆಲಕ್ಕೆ ಒಂದೆರಡು ಅಡಿ ಎತ್ತರದಲ್ಲಿ ನಿಯಂತ್ರಣ ದಂಡವನ್ನು ಕ್ರಮೇಣ ಹಿಂದಕ್ಕೆಳೆಯುತ್ತ, ರೆಕ್ಕೆ ಇನ್ನು ವಿಮಾನವನ್ನು ಹೊರಲಾರದೆಂಬ ಹಂತದಲ್ಲಿ ಮೂರು ಗಾಲಿಗಳನ್ನೂ ಏಕಕಾಲಕ್ಕೆ ಮುಟ್ಟಿಸುವುದು ಮೂರು ಬಿಂದುಗಳ ಇಳಿತ. ಬಾಲವನ್ನು ಎತ್ತಿಟ್ಟುಕೊಂಡು, ಹೆಚ್ಚಿನ ವೇಗದಲ್ಲಿ ಮುಂದಿನ ಎರಡು ಗಾಲಿಗಳನ್ನು ಮಾತ್ರ ಮುಟ್ಟಿಸಿ, ಮುಟ್ಟಿದ ಕ್ಷಣದಲ್ಲಿ ದಂಡವನ್ನು ತುಸು ಮುಂದಕ್ಕೊತ್ತಿ ರೆಕ್ಕೆಯ ಬಲವನ್ನು ತಗ್ಗಿಸಿ, ವೇಗ ಇಳಿದ ಮೇಲೆ ಬಾಲವನ್ನು ನೆಲಕ್ಕೆ ತರುವುದು ವೀಲ್ ಲ್ಯಾಂಡಿಂಗ್. ಎರಡನೆಯದರಲ್ಲಿ ಮುಂದಿನ ದಾರಿ ಚೆನ್ನಾಗಿ ಕಾಣುತ್ತದೆ, ಚುಕ್ಕಾಣಿಗೆ ಗಾಳಿಯ ಬಲ ಹೆಚ್ಚು ಸಿಗುತ್ತದೆ. ಅದರ ಬೆಲೆಯೂ ಕಡಿಮೆಯಲ್ಲ: ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ 40 ನಾಟ್ ಬದಲು 50 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 74 ಕಿಲೋಮೀಟರ್ ಬದಲು 93 ಕಿಲೋಮೀಟರಿನಲ್ಲಿ ಇಳಿದರೆ ಕರಗಿಸಬೇಕಾದ ಶಕ್ತಿ ಶೇಕಡ 56ರಷ್ಟು ಹೆಚ್ಚುತ್ತದೆ. ಬಾಲ ಇಳಿಯುವ ಹೊತ್ತಿನಲ್ಲಿ ಚುಕ್ಕಾಣಿ ದುರ್ಬಲವಾಗುವ ಒಂದು ಗಳಿಗೆಯನ್ನೂ ದಾಟಬೇಕಾಗುತ್ತದೆ. ಜೋರು ಗಾಳಿಗೆ ವೀಲ್ ಲ್ಯಾಂಡಿಂಗ್ ಎಂಬುದು ಹಲವರ ಮತವಾದರೂ, ಮೊದಲ ಬಾರಿ ಕಲಿಯುವವರಿಗೆ, ಚಿಕ್ಕ ನೆಲಗಳಿಗೆ ನಿಧಾನದ ಇಳಿತವೇ ಹೆಚ್ಚು ಕ್ಷಮಾಶೀಲವೆಂದು ತೋರುತ್ತದೆ. ಯಾವ ವಿಧಾನವಾದರೂ ಗಾಳಿ ಬರುವ ಕಡೆಯ ರೆಕ್ಕೆಯನ್ನು ತಗ್ಗಿಸಿ, ವಿರುದ್ಧ ಬದಿಯ ಪೆಡಲಿನಿಂದ ಮೂಗನ್ನು ನೆಟ್ಟಗಿಟ್ಟು, ಗಾಳಿ ಬದಿಯ ಗಾಲಿ ಮೊದಲು ಮುಟ್ಟುವಂತೆ ಇಳಿಸಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಇಷ್ಟೆಲ್ಲ ಸರಿಯಾಗಿ ನಡೆದ ಮೇಲೆಯೇ ನಿಜವಾದ ಅಪಾಯದ ವಲಯ ಬರುವುದೆಂಬುದು ಈ ವಿಷಯದ ತಿರುಳು. ಚುಕ್ಕಾಣಿಯ ಬಲವೂ ವೇಗದ ವರ್ಗವನ್ನೇ ಅನುಸರಿಸುತ್ತದೆ. ವೇಗ ಅರ್ಧಕ್ಕಿಳಿದಾಗ ಬಲ ಕಾಲುಭಾಗಕ್ಕಿಳಿಯುತ್ತದೆ. ಚುಕ್ಕಾಣಿ ಸೋತ ಮೇಲೆ ದಿಕ್ಕು ಹಿಡಿಯಬೇಕಾದದ್ದು ಪೆಡಲುಗಳಿಗೆ ಸ್ಪ್ರಿಂಗುಗಳಿಂದ ಜೋಡಿಸಿದ ಬಾಲಗಾಲಿ. ಅದು ನೆಲವನ್ನು ಬಿಗಿಯಾಗಿ ಹಿಡಿಯಬೇಕಾದರೆ ದಂಡವನ್ನು ಪೂರ್ತಿ ಹಿಂದಕ್ಕೆಳೆದು ಬಾಲವನ್ನು ಒತ್ತಿಟ್ಟಿರಬೇಕು. ಇಳಿತ ಮುಗಿಯಿತೆಂದು ಪೈಲಟ್ ದಂಡವನ್ನು ಸಡಿಲಿಸಿದರೆ, ರೇಡಿಯೋದ ಕಡೆಗೋ ಹ್ಯಾಂಗರಿನ ಕಡೆಗೋ ಕಣ್ಣು ಹಾಯಿಸಿದರೆ, ಚುಕ್ಕಾಣಿಯೂ ಇಲ್ಲದ ಬಾಲಗಾಲಿಯೂ ಇಲ್ಲದ ಸ್ಥಿತಿ ಒದಗುತ್ತದೆ. ಬಾಲಗಾಲಿ ಒಂದು ಮಿತಿಗಿಂತ ಹೆಚ್ಚು ಓರೆಯಾದಾಗ ಸ್ಪ್ರಿಂಗಿನ ಹಿಡಿತ ಕಳಚಿ ಸುತ್ತಲೂ ತಿರುಗುವ ರಚನೆ ಬಹಳಷ್ಟು ವಿಮಾನಗಳಲ್ಲಿರುವುದರಿಂದ, ಆ ಮಿತಿ ದಾಟಿದ ಮೇಲೆ ಉಳಿಯುವುದು ಒಂದು ಬದಿಯ ಬ್ರೇಕ್ ಮಾತ್ರ. ಅದನ್ನು ಜೋರಾಗಿ ತುಳಿದರೆ ಮೂಗು ನೆಲಕ್ಕೆ ಕುಕ್ಕಿ ಪ್ರೊಪೆಲರ್ ಬಾಗುತ್ತದೆ, ವಿಮಾನ ಬೆನ್ನಡಿಯಾಗುವುದೂ ಉಂಟು. ತಿರುಗುವ ಪ್ರೊಪೆಲರ್ ನೆಲಕ್ಕೆ ಬಡಿದರೆ ಆ ಹೊಡೆತ ಎಂಜಿನ್ನಿನ ಒಳಗಿನ ಕ್ರ್ಯಾಂಕ್‌ಶಾಫ್ಟಿಗೂ ತಲುಪುವುದರಿಂದ ಇಡೀ ಎಂಜಿನ್ ಬಿಚ್ಚಿ ನೋಡಬೇಕಾಗುತ್ತದೆ.

ಪರಿಹಾರ ಹೇಳುವುದು ಸುಲಭ: ಮೂಗು ಹೊರಳುವುದು ಕಣ್ಣಿಗೆ ಕಾಣುವ ಮೊದಲೇ ಪಾದ ಅದನ್ನು ತಡೆಯಬೇಕು, ತಡೆ ಚಿಕ್ಕದಾಗಿರಬೇಕು, ಕೂಡಲೇ ಹಿಂತೆಗೆಯಬೇಕು. ತಡವಾಗಿ ಕೊಟ್ಟ ದೊಡ್ಡ ತಡೆ ವಿಮಾನವನ್ನು ಎದುರು ದಿಕ್ಕಿಗೆ ಎಸೆಯುತ್ತದೆ. ಇದಕ್ಕೆ ನೋಟವೂ ಅಡ್ಡಿ. ಮೂರು ಬಿಂದುಗಳ ಭಂಗಿಯಲ್ಲಿ ಮೂಗು ಮುಂದಿನ ದಾರಿಯನ್ನು ಮರೆಮಾಡುವುದರಿಂದ ಪೈಲಟ್ ರನ್‌ವೇಯ ಎರಡೂ ಅಂಚುಗಳನ್ನು ಕಡೆಗಣ್ಣಿನಲ್ಲಿ ಹಿಡಿದು, ಎರಡೂ ಬದಿ ಸಮವಾಗಿ ಕಾಣುತ್ತಿವೆಯೇ ಎಂಬುದರಿಂದ ದಿಕ್ಕನ್ನು ಅಳೆಯಬೇಕಾಗುತ್ತದೆ. 20,000ಕ್ಕೆ ಹತ್ತಿರದಷ್ಟು ತಯಾರಾದ ಪೈಪರ್ ಜೆ-3 ಕಬ್ ವಿಮಾನದಲ್ಲಿ ತೂಕದ ಸಮತೋಲಕ್ಕಾಗಿ ಒಬ್ಬನೇ ಹಾರುವಾಗ ಹಿಂದಿನ ಆಸನದಲ್ಲಿಯೇ ಕೂರಬೇಕು, ಬ್ರೇಕುಗಳನ್ನು ಹಿಮ್ಮಡಿಯಿಂದ ಒತ್ತಬೇಕು.

ಯಂತ್ರದ ದೋಷಗಳೂ ಇದರಲ್ಲಿ ಪಾಲುದಾರರು. ಸವೆದ ಬಾಲಗಾಲಿಯ ಸ್ಪ್ರಿಂಗ್, ಒಂದಕ್ಕೊಂದು ಸಮಾನಾಂತರವಾಗಿಲ್ಲದ ಮುಖ್ಯ ಗಾಲಿಗಳು, ಒಂದು ಬದಿ ಕಚ್ಚುವ ಬ್ರೇಕ್ ಇವು ಪೈಲಟ್‌ನ ಹೆಸರಿಗೆ ಜಮೆಯಾದ ಎಷ್ಟೋ ತಪ್ಪುಗಳ ಹಿಂದಿರಬಹುದು. ಗಾಲಿಗಳ ನಡುವಿನ ಅಂತರ ಕಿರಿದಾದಷ್ಟೂ ವಿಮಾನ ಬೇಗ ವಾಲುತ್ತದೆ. ಎರಡನೆಯ ಮಹಾಯುದ್ಧದ ಜರ್ಮನ್ ಯುದ್ಧವಿಮಾನ ಮೆಸರ್‌ಶ್ಮಿಟ್ ಬಿಎಫ್ 109ರ ಗಾಲಿಯ ಕಾಲುಗಳನ್ನು, ರೆಕ್ಕೆ ಬಿಚ್ಚಿದರೂ ವಿಮಾನ ನಿಂತಿರಲಿ ಎಂಬ ಅನುಕೂಲಕ್ಕಾಗಿ, ಒಡಲಿಗೇ ಜೋಡಿಸಲಾಗಿತ್ತು. ಆ ಅನುಕೂಲದ ದಂಡವನ್ನು ಹೊಸ ಪೈಲಟ್‌ಗಳು ಏರುವಾಗಲೂ ಇಳಿಯುವಾಗಲೂ ತೆತ್ತರು.

ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. ಡಾ. ವಿ. ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ಬಾಲಗಾಲಿಯ ತರಬೇತಿ ವಿಮಾನವೇ. ಟೈಗರ್ ಮಾತ್‌ನ ಜಾಗಕ್ಕೆ ಬಂದ ಅದರಲ್ಲಿ ಬೀದರಿನ ವಾಯುನೆಲೆಯೂ ಸೇರಿದಂತೆ ಹಲವೆಡೆ ವಾಯುಪಡೆಯ ತಲೆಮಾರುಗಳು ಮೊದಲ ಪಾಠ ಕಲಿತವು. 1958ರಲ್ಲಿ ಅದೇ ಕಾರ್ಖಾನೆಯಿಂದ ಹೊರಬಂದ, ಅಕ್ಕಪಕ್ಕ ಇಬ್ಬರು ಕೂರುವ, 90 ಅಶ್ವಶಕ್ತಿಯ ಪುಷ್ಪಕ್ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ಮಾಡಿದ್ದು. ಪೈರುಗಳಿಗೆ ಔಷಧಿ ಸಿಂಪಡಿಸಲು ತಯಾರಿಸಿದ ಬಸಂತ್ ಕೂಡ ಬಾಲಗಾಲಿಯದೇ. ಎಚ್‌ಟಿ-2ರ ಉತ್ತರಾಧಿಕಾರಿಯಾದ ದೀಪಕ್ ಮಾತ್ರ ಮೂಗುಗಾಲಿಯ ವಿಮಾನ. ಅಮೆರಿಕದಲ್ಲಿ ಈ ಬದಲಾವಣೆ ಅದಕ್ಕೆ ಬಹಳ ಮೊದಲೇ ನಡೆದಿತ್ತು: ಪೈಪರ್ ಕಂಪನಿ ತನ್ನ ಪೇಸರ್ ವಿಮಾನದ ಬಾಲಗಾಲಿ ತೆಗೆದು 1951ರಲ್ಲಿ ಟ್ರೈ-ಪೇಸರ್ ಮಾಡಿತು, ಸೆಸ್ನಾ ಕಂಪನಿಯ ಬಾಲಗಾಲಿಯ 170 ಮಾದರಿ ಮೂಗುಗಾಲಿ ಪಡೆದು 172 ಎನಿಸಿಕೊಂಡು, ಲೋಕದಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ವಿಮಾನವಾಯಿತು. ಎಷ್ಟೋ ಟ್ರೈ-ಪೇಸರ್‌ಗಳನ್ನು ಮುಂದೆ ಅವುಗಳ ಮಾಲೀಕರು ಮರಳಿ ಬಾಲಗಾಲಿಗೆ ಪರಿವರ್ತಿಸಿಕೊಂಡದ್ದು ಬೇರೆ ಮಾತು. ಮನುಷ್ಯನ ಒಲವು ಗುರುತ್ವ ಕೇಂದ್ರವನ್ನು ಲೆಕ್ಕಿಸುವುದಿಲ್ಲ.

ಒಲವಿನ ಹೊರತಾಗಿಯೂ ಈ ವಿನ್ಯಾಸ ಉಳಿದಿರುವುದಕ್ಕೆ ಗಟ್ಟಿ ಕಾರಣಗಳಿವೆ. ಕಲ್ಲುಮಣ್ಣಿನ ನೆಲದಲ್ಲಿ ಎತ್ತಿದ ಮೂಗು ಪ್ರೊಪೆಲರನ್ನು ಕಾಪಾಡುತ್ತದೆ, ಬಾಲದ ಚಿಕ್ಕ ಗಾಲಿ ಮೂಗಿನ ಗಾಲಿಗಿಂತ ಹಗುರ, ಅದು ಮುರಿದರೂ ನಷ್ಟ ಕಡಿಮೆ. ಅಲಾಸ್ಕಾದ ನದೀತೀರಗಳಲ್ಲಿ ಇಳಿಯುವ ವಿಮಾನಗಳು, ಔಷಧಿ ಸಿಂಪಡಿಸುವವು, ಕಸರತ್ತಿನ ಪಿಟ್ಸ್‌ನಂಥವು ಇಂದಿಗೂ ಬಾಲಗಾಲಿಯನ್ನೇ ನಂಬಿವೆ.

ಗ್ರೌಂಡ್ ಲೂಪ್ ಮಾಡಿದವರು ಮತ್ತು ಮುಂದೆ ಮಾಡಲಿರುವವರು ಎಂದು ಬಾಲಗಾಲಿಯ ಪೈಲಟ್‌ಗಳಲ್ಲಿ ಎರಡೇ ಬಗೆಯೆಂಬ ಮಾತು ವೈಮಾನಿಕರಲ್ಲಿ ಬಳಕೆಯಲ್ಲಿದೆ. ಕೇಳಲು ವಿನಯದ ಮಾತಿನಂತಿದ್ದರೂ ಅದು ತಪ್ಪನ್ನು ವಿಧಿಯ ಖಾತೆಗೆ ಬರೆಯುವ ಜಾಣತನ. ತನ್ನ ಮಿತಿಯನ್ನು ಮೀರಿದ ಅಡ್ಡಗಾಳಿ ಇರುವಾಗ ಇನ್ನೊಂದು ನಿಲ್ದಾಣಕ್ಕೆ ಹೋಗುವುದು, ರನ್‌ವೇಯ ಪಕ್ಕದ ಹುಲ್ಲುಪಟ್ಟಿಯಲ್ಲಿ ಇಳಿಯಲು ಅನುಮತಿಯಿದ್ದರೆ ಅದನ್ನೇ ಆರಿಸುವುದು, ಮೊದಲ ಪುಟಿತಕ್ಕೇ ಇಳಿತವನ್ನು ಕೈಬಿಟ್ಟು ಏರುವುದು ಇವೆಲ್ಲ ಪಾದಗಳ ಚಳಕಕ್ಕಿಂತ ಮೊದಲು ಬರಬೇಕಾದ ನಿರ್ಧಾರಗಳು, ಮತ್ತು ಇವು ಕಲಿಸಬಹುದಾದವು.

ಅಮೆರಿಕದ ನಿಯಮ ಈ ವಿಷಯದಲ್ಲಿ ವಿವೇಕದಿಂದ ಕೂಡಿದೆ. 1991ರ ಏಪ್ರಿಲ್ 15ಕ್ಕೆ ಮೊದಲೇ ಇಂಥ ವಿಮಾನಗಳ ಹೊಣೆಹೊತ್ತು ಹಾರಿಸಿದ್ದವರನ್ನು ಬಿಟ್ಟರೆ ಉಳಿದ ಯಾರೇ ಆಗಲಿ, ಅಡ್ಡಗಾಳಿಯ ಇಳಿತ, ವೀಲ್ ಲ್ಯಾಂಡಿಂಗ್ ಮತ್ತು ಇಳಿತ ಕೈಬಿಟ್ಟು ಏರುವ ಕ್ರಮಗಳಲ್ಲಿ ತರಬೇತಿ ಪಡೆದು, ಬೋಧಕನ ಸಹಿಯನ್ನು ಲಾಗ್‌ಬುಕ್ಕಿನಲ್ಲಿ ಪಡೆಯದೆ ಬಾಲಗಾಲಿಯ ವಿಮಾನದ ಮುಖ್ಯ ಪೈಲಟ್ ಆಗುವಂತಿಲ್ಲ. ತಯಾರಕರೇ ಬೇಡವೆಂದಿರುವ ವಿಮಾನಗಳಿಗೆ ಮಾತ್ರ ವೀಲ್ ಲ್ಯಾಂಡಿಂಗಿನಿಂದ ವಿನಾಯಿತಿಯಿದೆ. ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಬಾರಿ ಏರಿ ಇಳಿದಿರಬೇಕು. ಮೂಗುಗಾಲಿಯ ವಿಮಾನದಲ್ಲಿ ಹಗಲಿನ ಹಾರಾಟಕ್ಕೆ ಗಾಲಿ ಮುಟ್ಟಿಸಿ ಹಾಗೆಯೇ ಮೇಲೇರಿದ ಇಳಿತವೂ ಈ ಮೂರರಲ್ಲಿ ಸೇರುತ್ತದೆ. ಬಾಲಗಾಲಿಯದರಲ್ಲಿ ವಿಮಾನ ಓಡಿ ಪೂರ್ತಿ ನಿಂತ ಇಳಿತವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.